ಬಾಗಿಲು ತಟ್ಟುವವರು ಬೇಕು, ಒಳಗೆ ಇಣುಕುವವರು ಬೇಡ

ನಮಸ್ಕಾರ ಮೇಡಂ,

ನಿಮ್ಮ ಪತ್ರ ಉದ್ದವಿದೆ, ಖಾರವೂ ಇದೆ. ಪೂರ್ತಿ ಅಚ್ಚು ಹಾಕಲು ಜಾಗ ಇಲ್ಲ. ಹೆಸರು ಬೇಡ ಎಂದೂ ಬರೆದಿದ್ದೀರಿ. ಹಾಗಾಗಿ ಬೇರೆ ಓದುಗರಿಗೆ ವಿಷಯ ಗೊತ್ತಾಗುವಷ್ಟು ಮಾತ್ರ ಹೇಳಿ ಉತ್ತರಕ್ಕೆ ಬರುತ್ತೇನೆ.

ಕಳೆದ ಸಂಚಿಕೆಯ ಸಂಪಾದಕೀಯದಲ್ಲಿ ನಾವು, ಮುಂದಿನ ದಿನಗಳು ಹೇಗಿರುತ್ತವೋ ಯಾರಿಗೂ ಗೊತ್ತಿಲ್ಲ, ಅಕ್ಕಪಕ್ಕದವರ ಜೊತೆ ಹತ್ತಿರವಾಗಿರಿ ಎಂದು ಬರೆದಿದ್ದೆವು. ಅದು ನಿಮಗೆ ಸಿಟ್ಟು ತರಿಸಿದೆ. ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು ನೀವು. ನೀವು ಕಂಡ ಊರೊಗ್ಗಟ್ಟು ಎಂದರೆ ಯಾವ ಹುಡುಗಿ ಯಾರ ಜೊತೆ ಬಸ್ ಹತ್ತಿದಳು ಎಂದು ಜಗಲಿಯ ಮೇಲೆ ಕೂತು ಲೆಕ್ಕ ಇಡುವುದು. ಕೆಲವರು ಕೊಡ ಹಿಡಿದು ಬಾವಿಯಿಂದ ದೂರ ನಿಂತು ಕಾಯುವುದು. ಬೆಂಗಳೂರಿಗೆ ಬಂದು ಫ್ಲಾಟಿನ ಬಾಗಿಲು ಹಾಕಿಕೊಂಡ ದಿನವೇ ನಿಮಗೆ ಉಸಿರು ಬಂದದ್ದು. ಈಗ ಯಜಮಾನರಿಲ್ಲ, ಒಬ್ಬರೇ ಇದ್ದೀರಿ. ಪಿಂಚಣಿ ಬರುತ್ತದೆ, ಆರೋಗ್ಯ ವಿಮೆ ಇದೆ, ಫೋನಿನಲ್ಲಿ ಒತ್ತಿದರೆ ತರಕಾರಿ, ಮಾತ್ರೆ ಎಲ್ಲ ಮನೆಗೆ ಬರುತ್ತದೆ, ಟೊರಾಂಟೊದಲ್ಲಿರುವ ಮಗಳು ದಿನಾ ವಿಡಿಯೊ ಕಾಲ್ ಮಾಡುತ್ತಾಳೆ. ಇನ್ನು ನೆರೆಹೊರೆ ಯಾಕೆ, ಇದೆಲ್ಲ ಊರು ಬಿಟ್ಟು ಬಂದ ಗಂಡಸರ ಹಳಹಳಿಕೆ ಅಲ್ವಾ ಎಂದು ಕೇಳಿದ್ದೀರಿ. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದ್ದೀರಿ: ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಆಗಿ ಎಂದು ಗಂಟುಬಿದ್ದಿದ್ದಾರೆ, ಆಗಲ್ಲ ಅಂದಿದ್ದೇನೆ, ಸರಿ ತಾನೇ?

ಮೊದಲು ನಿಮ್ಮ ಸಿಟ್ಟಿನ ವಿಷಯ. ಅದಕ್ಕೆ ದೊಡ್ಡವರ ಬೆಂಬಲವೇ ಇದೆ. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಸಭೆಯ ಮುಂದಿಡುತ್ತಾ ಅಂಬೇಡ್ಕರ್ ಅವರು ಹಳ್ಳಿಯನ್ನು ಹಾಡಿ ಹೊಗಳುವವರಿಗೆ ಚೆನ್ನಾಗಿಯೇ ಬಿಸಿ ಮುಟ್ಟಿಸಿದರು. ಹಳ್ಳಿ ಎನ್ನುವುದು ಅಜ್ಞಾನ, ಸಣ್ಣತನಗಳ ಗೂಡು ಎಂಬ ಅರ್ಥದ ಮಾತಾಡಿದರು. ಕರಡು ಹಳ್ಳಿಯನ್ನು ಬಿಟ್ಟು ಒಬ್ಬೊಬ್ಬ ವ್ಯಕ್ತಿಯನ್ನು ಲೆಕ್ಕಕ್ಕೆ ಹಿಡಿದದ್ದು ತಮಗೆ ಸಂತೋಷ ಎಂದರು. ನೀವು ಫ್ಲಾಟಿನ ಬಾಗಿಲು ಹಾಕಿಕೊಂಡಾಗ ಅನುಭವಿಸಿದ್ದು ಈ ಸಂತೋಷವನ್ನೇ. ಅದನ್ನು ಬಿಟ್ಟುಕೊಡಿ ಎಂದು ನಾನಂತೂ ಹೇಳುವುದಿಲ್ಲ.

ನಿಮ್ಮ ವಾದಕ್ಕೆ ಇನ್ನೊಂದು ಸಾಕ್ಷಿಯನ್ನೂ ನಾನೇ ಕೊಡುತ್ತೇನೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನಮ್ಮ ಪಕ್ಕದ ತಮಿಳುನಾಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಜನ ಸತ್ತದ್ದು ನಾಗಪಟ್ಟಿಣಂ ಜಿಲ್ಲೆಯಲ್ಲಿ. ಅಲ್ಲಿನ ಮೀನುಗಾರರ ಹಳ್ಳಿಗಳಲ್ಲಿ ಊರ್ ಪಂಚಾಯತ್ ಎಂಬ ಹಳೆಯ ಏರ್ಪಾಡು ಇದೆ. ಅದು ಸರ್ಕಾರದ್ದಲ್ಲ, ಜಾತಿಯ ಹಿರಿಯರದ್ದು. ಅದು ಗಟ್ಟಿಯಾಗಿದ್ದ ಊರುಗಳಲ್ಲಿ ಕುಟುಂಬಗಳ ಪಟ್ಟಿ ಬೇಗ ತಯಾರಾಯಿತು. ಪರಿಹಾರ ತಂದವರಿಗೆ ಯಾರ ಜೊತೆ ಮಾತಾಡಬೇಕು ಎಂಬ ಗೊಂದಲ ಇರಲಿಲ್ಲ. ದೋಣಿ, ಬಲೆ, ಅಕ್ಕಿ ಬೇಗ ಬಂತು. ದೂರದಿಂದ ನೋಡಿದರೆ ಒಗ್ಗಟ್ಟಿನ ದೊಡ್ಡ ಗೆಲುವು. ಆದರೆ ಆ ಪಟ್ಟಿಯಲ್ಲಿ ಯಾರಿರಲಿಲ್ಲ ಎಂದು ಕೇಳಿದವರಿಗೆ ಬೇರೆಯೇ ಕತೆ ಸಿಕ್ಕಿತು. ಎಷ್ಟೋ ಕಡೆ ದಲಿತರು ಇರಲಿಲ್ಲ. ಗಂಡಸು ದಿಕ್ಕಿಲ್ಲದ ಮನೆಗಳು, ವಿಧವೆಯರು ಬಿಟ್ಟುಹೋಗಿದ್ದರು. ಅನಾಹುತಗಳ ನಂತರ ಊರುಗಳು ಹೇಗೆ ಚೇತರಿಸಿಕೊಳ್ಳುತ್ತವೆ ಎಂದು ಅಧ್ಯಯನ ಮಾಡಿದ ಡ್ಯಾನಿಯಲ್ ಆಲ್ಡ್ರಿಚ್ ಎಂಬ ಅಮೆರಿಕದ ಪ್ರಾಧ್ಯಾಪಕರು ಈ ಎರಡೂ ಮುಖಗಳನ್ನು ಬರೆದಿದ್ದಾರೆ. ಒಳಗಿದ್ದವರನ್ನು ಮೇಲೆತ್ತಿದ ಕೈಯೇ ಹೊರಗಿದ್ದವರನ್ನು ತಳ್ಳಿತು.

ಹಾಗಾದರೆ ನೆರೆಹೊರೆಯ ಮಾತು ಯಾಕೆ ಎನ್ನುತ್ತೀರಿ. ಅದಕ್ಕೆ ಉತ್ತರ ನಮ್ಮ ಹಳ್ಳಿಯಲ್ಲಿಲ್ಲ, ಶಿಕಾಗೋದಲ್ಲಿದೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಹಾಗೆ ಒಬ್ಬರೇ ಇದ್ದವರ ಕತೆ ಇದು.

1995ರ ಜುಲೈನಲ್ಲಿ ಆ ನಗರಕ್ಕೆ ಬಿಸಿಗಾಳಿ ಬಡಿಯಿತು. ತಾಪಮಾನ 41 ಡಿಗ್ರಿ ಮುಟ್ಟಿತು. ನಮ್ಮ ರಾಯಚೂರು, ಕಲಬುರಗಿಯವರು ಇದೇನು ಮಹಾ ಎಂದು ನಕ್ಕುಬಿಡಬಹುದು. ಆದರೆ ಶಿಕಾಗೋದಲ್ಲಿ ಗಾಳಿಯಲ್ಲಿ ತೇವ ತುಂಬಿತ್ತು, ರಾತ್ರಿಯೂ ಆರಲಿಲ್ಲ, ಎಷ್ಟೋ ಕಡೆ ಕರೆಂಟ್ ಹೋಯಿತು. ಆ ವಾರದಲ್ಲಿ ಸಾಮಾನ್ಯ ವಾರಕ್ಕಿಂತ 739 ಜನ ಜಾಸ್ತಿ ಸತ್ತರು. ಶವಾಗಾರದಲ್ಲಿ ಜಾಗ ಸಾಲದೆ, ಮಾಂಸ ಸಾಗಿಸುವ ತಂಪು ಲಾರಿಗಳನ್ನು ತಂದು ನಿಲ್ಲಿಸಬೇಕಾಯಿತು. ಸತ್ತವರಲ್ಲಿ ಬಹಳ ಮಂದಿ ಒಬ್ಬರೇ ವಾಸವಿದ್ದ ಮುದುಕರು. ಕಳ್ಳರ ಭಯಕ್ಕೆ ಕಿಟಕಿಯನ್ನೂ ತೆರೆಯದೆ ಒಳಗೇ ಕೂತಿದ್ದವರು.

ಎರಿಕ್ ಕ್ಲೈನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಆಮೇಲೆ ಬೀದಿ ಬೀದಿ ಸುತ್ತಿ ಯಾರು ಎಲ್ಲಿ ಸತ್ತರು ಎಂದು ನೋಡಿದರು. ಪಕ್ಕಪಕ್ಕದ ಎರಡು ಬಡಾವಣೆಗಳು: ನಾರ್ತ್ ಲಾನ್‌ಡೇಲ್ ಮತ್ತು ಸೌತ್ ಲಾನ್‌ಡೇಲ್. ಎರಡೂ ಕಡೆ ಬಡತನ. ಒಬ್ಬರೇ ಇರುವ ಮುದುಕರ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಬಿಸಿಲಂತೂ ಒಂದೇ. ಆದರೆ ಉತ್ತರದ ಬಡಾವಣೆಯಲ್ಲಿ ಲಕ್ಷಕ್ಕೆ 40 ಜನ ಸತ್ತರೆ, ದಕ್ಷಿಣದಲ್ಲಿ ಲಕ್ಷಕ್ಕೆ 4. ಹತ್ತು ಪಟ್ಟು ವ್ಯತ್ಯಾಸ!

ಕಾರಣ ಹುಡುಕಿದಾಗ ಮೊದಲು ಹೊಳೆಯುವುದು ಕುಟುಂಬ, ಜನಾಂಗ. ದಕ್ಷಿಣದಲ್ಲಿ ಮೆಕ್ಸಿಕೊ ಮೂಲದವರು ಜಾಸ್ತಿ, ಅವರಲ್ಲಿ ಮನೆತನದ ನಂಟು ಗಟ್ಟಿ, ಅದಕ್ಕೇ ಉಳಿದರು ಎನ್ನಬಹುದು. ಆದರೆ ಅದೇ ಬಡಾವಣೆಯಲ್ಲಿ ಹಳೆಯ ಕಾಲದಿಂದ ಉಳಿದುಕೊಂಡಿದ್ದ ಬಿಳಿಯ ಮುದುಕ ಮುದುಕಿಯರೂ ಇದ್ದರು. ಮಕ್ಕಳೆಲ್ಲ ಬೇರೆ ಕಡೆ ಹೋಗಿದ್ದರು. ಸುತ್ತಲಿನವರ ಭಾಷೆ ಬೇರೆ. ಅವರೂ ಉಳಿದರು. ಇನ್ನು ಕರಿಯ ಜನರೇ ಇದ್ದ ಆಬರ್ನ್ ಗ್ರೆಶಮ್ ಎಂಬ ಬಡಾವಣೆಯಲ್ಲಿ ಸಾವು ಲಕ್ಷಕ್ಕೆ ಬರೀ 3. ಅಂದರೆ ರಕ್ತ, ಬಣ್ಣ, ಭಾಷೆ ಇದ್ಯಾವುದೂ ಪೂರ್ತಿ ಉತ್ತರ ಅಲ್ಲ.

ವ್ಯತ್ಯಾಸ ಇದ್ದದ್ದು ಬೀದಿಯಲ್ಲಿ. ನಾರ್ತ್ ಲಾನ್‌ಡೇಲ್‌ನಲ್ಲಿ ಕಾರ್ಖಾನೆಗಳು ಮುಚ್ಚಿ, ಜನ ಗುಳೆ ಹೋಗಿ, ಅಂಗಡಿಗಳು ಬಾಗಿಲು ಹಾಕಿ, ಖಾಲಿ ಸೈಟುಗಳು ಉಳಿದಿದ್ದವು. ಹೊರಗೆ ಬಂದರೂ ಹೋಗಲು ಜಾಗ ಇರಲಿಲ್ಲ. ಸೌತ್ ಲಾನ್‌ಡೇಲ್‌ನ ಬೀದಿಗಳಲ್ಲಿ ಬೇಕರಿ, ದಿನಸಿ ಅಂಗಡಿ, ಚರ್ಚು, ತಳ್ಳುಗಾಡಿ, ಜನ. ಮುದುಕರು ಸುಮ್ನೆ ಒಂದು ಸುತ್ತು ಹೊರಗೆ ಬರುವ ರೂಢಿ ಇಟ್ಟುಕೊಂಡಿದ್ದರು. ಸೆಕೆ ಜಾಸ್ತಿಯಾದಾಗಲೂ ಹೊರಗೆ ಬಂದು ಎಸಿ ಇದ್ದ ಅಂಗಡಿಗಳಲ್ಲಿ ಹೊತ್ತು ಕಳೆದರು. ಅವರನ್ನು ಕಾಪಾಡಿದ್ದು ಜೀವಕ್ಕೆ ಜೀವ ಕೊಡುವ ಗೆಳೆತನ ಅಲ್ಲ ಮೇಡಂ. ಮುಖಪರಿಚಯ. ಬ್ರೆಡ್ ಕೊಳ್ಳುವಾಗಿನ ಎರಡು ಮಾತು. ಇಷ್ಟು ತೆಳುವಾದ ನಂಟೂ ಜೀವ ಉಳಿಸುತ್ತದೆ ಎನ್ನುವುದು ನನಗೆ ಈ ಕತೆಯಲ್ಲಿ ಬಹಳ ಮುಖ್ಯವಾಗಿ ಕಂಡದ್ದು. ಗಂಡಸರ ಹಳಹಳಿಕೆ ಎಂದಿರಲ್ಲ, ಈ ಬಿಸಿಗಾಳಿಯಲ್ಲಿ ಹೆಂಗಸರಿಗಿಂತ ಗಂಡಸರೇ ಜಾಸ್ತಿ ಸತ್ತರು. ವಯಸ್ಸಾದ ಹೆಂಗಸರು ಒಬ್ಬರೇ ಇದ್ದರೂ ಯಾರ ಜೊತೆಗೋ ಮಾತು ಉಳಿಸಿಕೊಂಡಿದ್ದರು. ಗಂಡಸರು ಕೆಲಸ ಬಿಟ್ಟ ಮೇಲೆ ಮಾತನ್ನೂ ಬಿಟ್ಟಿದ್ದರು.

ಈಗ ನಿಮ್ಮ ತರಕಾರಿ, ಮಾತ್ರೆಯ ವಿಷಯಕ್ಕೆ ಬನ್ನಿ. ಎಲ್ಲವೂ ಮನೆ ಬಾಗಿಲಿಗೆ ಬರುತ್ತದೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಅನುಕೂಲ ನಿಜ, ನಾನೂ ತರಿಸಿಕೊಳ್ಳುತ್ತೇನೆ. ಆದರೆ ತಂದುಕೊಟ್ಟ ಹುಡುಗ ನಾಳೆ ನೀವು ಬಾಗಿಲು ತೆರೆಯದಿದ್ದರೆ ಪೊಟ್ಟಣವನ್ನು ಹೊರಗಿಟ್ಟು ಫೋಟೊ ತೆಗೆದು ಹೊರಡುತ್ತಾನೆ. ಅವನ ತಪ್ಪಲ್ಲ, ಅವನಿಗೆ ಮುಂದಿನ ಆರ್ಡರ್ ಇದೆ. ಬೀದಿ ಕೊನೆಯ ಅಂಗಡಿಯವರಾದರೆ ಎರಡು ದಿನ ನೀವು ಕಾಣಿಸದಿದ್ದಾಗ ಒಬ್ಬರನ್ನಾದರೂ ಕೇಳುತ್ತಾರೆ. ವಿಮೆಯೂ ಹಾಗೆಯೇ. ಅದು ಆಸ್ಪತ್ರೆಯ ಬಿಲ್ಲು ಕಟ್ಟುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದವರನ್ನು ಆಸ್ಪತ್ರೆಗೆ ಒಯ್ಯುವುದು ಅದರ ಕೆಲಸ ಅಲ್ಲ. ಇಲ್ಲಿ ನೀವು ಬೆಳಿಗ್ಗೆ ಹತ್ತಕ್ಕೆ ಬಿದ್ದರೆ, ಟೊರಾಂಟೊದಲ್ಲಿ ಮಗಳು ಫೋನ್ ಎತ್ತಿಕೊಳ್ಳುವಾಗ ಅಲ್ಲಿ ನಡುರಾತ್ರಿ.

ಇದು ನಿಮ್ಮೊಬ್ಬರ ಕತೆಯೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಒಂದೋ ಎರಡೋ ಮಕ್ಕಳು, ಅವರೂ ಓದಿ ಹೊರಗೆ. ನಮ್ಮ ತಲೆಮಾರಿನ ಮುಪ್ಪು ನಮ್ಮ ಅಪ್ಪ ಅಮ್ಮಂದಿರ ಮುಪ್ಪಿನ ಹಾಗೆ ಇರುವುದಿಲ್ಲ. ಮಕ್ಕಳಿಂದ ತುಂಬದ ಜಾಗವನ್ನು ಯಾರು ತುಂಬುತ್ತಾರೆ? ಮುಂದಿನ ದಿನಗಳು ಹೇಗೋ ಎಂದು ನಾವು ಬರೆದಾಗ ನನ್ನ ತಲೆಯಲ್ಲಿದ್ದದ್ದು ಯುದ್ಧ, ಭೂಕಂಪ ಅಲ್ಲ, ಈ ಸಾದಾ ಪ್ರಶ್ನೆ.

ಇದಕ್ಕೆ ನಾನು ಕಂಡ ಒಳ್ಳೆಯ ಉತ್ತರ ಕೇರಳದ್ದು. 1993ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಕೆಲವು ವೈದ್ಯರು, ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಒಂದು ಕ್ಲಿನಿಕ್ ಶುರು ಮಾಡಿದರು. ಬೇಗನೆ ಒಂದು ವಿಷಯ ತಿಳಿಯಿತು. ನೋವಿನ ಮಾತ್ರೆ ಕೊಡುವುದು ಕೆಲಸದಲ್ಲಿ ಸಣ್ಣ ಪಾಲು. ಹಾಸಿಗೆ ಹಿಡಿದವರು ಕ್ಲಿನಿಕ್ಕಿಗೆ ಬರುವುದೇ ಆಗುವುದಿಲ್ಲ. ದುಡಿಯುವವರು ಮಲಗಿದರೆ ಮನೆಯಲ್ಲಿ ಅಕ್ಕಿ ಇರುವುದಿಲ್ಲ, ಮಕ್ಕಳ ಶಾಲೆ ನಿಲ್ಲುತ್ತದೆ, ನೋಡಿಕೊಳ್ಳುವ ಹೆಂಡತಿಗೆ ಅರ್ಧ ಗಂಟೆ ಹೊರಗೆ ಹೋಗಲೂ ಬಿಡುವಿಲ್ಲ. ಇದಕ್ಕೆಲ್ಲ ಡಾಕ್ಟರು ಬೇಕಿಲ್ಲ, ಅಕ್ಕಪಕ್ಕದವರು ಸಾಕು. 2001ರ ಹೊತ್ತಿಗೆ ಮಲಪ್ಪುರಂ, ಕೋಯಿಕ್ಕೋಡ್ ಸುತ್ತ ನೆರೆಹೊರೆಯ ಆರೈಕೆ ಜಾಲ ಕಟ್ಟಲು ಶುರುವಾಯಿತು. ಆಸಕ್ತಿ ಇರುವ ಯಾರಾದರೂ ಸೇರಬಹುದು. ವಾರಕ್ಕೆ ಎರಡು ಗಂಟೆ ಕೊಟ್ಟರೆ ಸಾಕು. ಒಂದಿಷ್ಟು ತರಬೇತಿ ಕೊಟ್ಟು ನರ್ಸ್ ಜೊತೆ ಮನೆಮನೆಗೆ ಕಳಿಸುತ್ತಾರೆ. ಖರ್ಚಿಗೆ ಊರವರೇ ಹತ್ತು ಇಪ್ಪತ್ತು ಕೂಡಿಸುತ್ತಾರೆ. ವಿದ್ಯಾರ್ಥಿಗಳು, ಆಟೊ ಓಡಿಸುವವರು, ಮನೆಯಲ್ಲಿರುವ ಹೆಂಗಸರು, ನಿವೃತ್ತ ಮೇಷ್ಟ್ರುಗಳು ಎಲ್ಲ ಇದರಲ್ಲಿದ್ದಾರೆ. ಇದು ಬೆಳೆದ ರೀತಿ ನೋಡಿ 2008ರಲ್ಲಿ ಕೇರಳ ಸರ್ಕಾರವೇ ಇಂಥ ಉಪಶಾಮಕ (ನೋವು ತಗ್ಗಿಸುವ) ಆರೈಕೆಗೆ ಒಂದು ನೀತಿ ತಂದಿತು, ದೇಶದಲ್ಲೇ ಮೊದಲು. ಈಗ ಅಲ್ಲಿನ ಪಂಚಾಯಿತಿಗಳೂ ಈ ಕೆಲಸ ಮಾಡುತ್ತವೆ.

ಇದರಲ್ಲಿ ನನಗೆ ಹಿಡಿಸುವುದು ಅದರ ಅಳತೆ. ವಾರಕ್ಕೆ ಎರಡು ಗಂಟೆ. ಯಾರನ್ನೂ ತ್ಯಾಗಿ ಮಾಡುವುದಿಲ್ಲ. ನೀವು ಯಾರ ಮಗಳು, ಯಾರ ಸೊಸೆ ಎಂದು ಕೇಳುವುದಿಲ್ಲ. ಎರಡು ಗಂಟೆ ಮುಗಿದರೆ ನಿಮ್ಮ ಮನೆ, ನಿಮ್ಮ ಬಾಗಿಲು. ಊರಲ್ಲಿ ನೀವು ಕಂಡದ್ದು ಹುಟ್ಟಿನಿಂದ ಬಂದ ನಂಟು, ಬಿಡಿಸಿಕೊಳ್ಳಲು ಆಗದ್ದು. ಇದು ಕೆಲಸದಿಂದ ಬಂದ ನಂಟು.

ನಮ್ಮ ನಾಡಿನಲ್ಲೂ ಇಂಥದ್ದು ಇಲ್ಲದೆ ಇಲ್ಲ. ಮಲೆನಾಡಿನವರಿಗೆ ಮುಯ್ಯಾಳು ಗೊತ್ತು. ಇವತ್ತು ನಿಮ್ಮ ಗದ್ದೆಗೆ ನಾವು ನಾಟಿಗೆ ಬಂದರೆ ನಾಳೆ ನಮ್ಮ ಗದ್ದೆಗೆ ನೀವು. ಚೆಂದದ ಪದ್ಧತಿ, ಆದರೆ ಗದ್ದೆ ಇದ್ದವರ ನಡುವೆ ಮಾತ್ರ. ಗದ್ದೆಯೇ ಇಲ್ಲದವರಿಗೆ ಮುಯ್ಯಿ ತೀರಿಸಲು ಯಾರು ಬರುತ್ತಾರೆ? ಅವರದ್ದು ಕೂಲಿಯೇ. ಹಾಗಾಗಿ ಅದನ್ನು ನಾನು ದೊಡ್ಡದು ಮಾಡುವುದಿಲ್ಲ.

ನಾನು ಎತ್ತಿ ಹೇಳುವುದು ಗದಗ ತಾಲ್ಲೂಕಿನ ಕಣಗಿನಹಾಳವನ್ನು. ಬರ ಬಂದಾಗಲೆಲ್ಲ ಸಾಹುಕಾರರ ಸಾಲಕ್ಕೆ ಹೊಲ ಬರೆದುಕೊಡುವ ಕಾಲ ಅದು. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಸಾಲದ ಸಂಘಗಳ ಕಾನೂನು ತಂದಿತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಂಘ ಕಟ್ಟಿದರು. ಆ ಕಾನೂನಿನಲ್ಲಿ ಹಳ್ಳಿಯ ಸಂಘಗಳಿಗೆ ಒಂದು ಕಠಿಣ ಷರತ್ತು ಇತ್ತು. ಹೊಣೆಗೆ ಮಿತಿ ಇಲ್ಲ. ಸಂಘ ಮುಳುಗಿದರೆ ಎಲ್ಲ ಸದಸ್ಯರೂ ತಮ್ಮ ಸ್ವಂತ ಆಸ್ತಿಯಿಂದ ಸಾಲ ತೀರಿಸಬೇಕು. ಯೋಚಿಸಿ ನೋಡಿ, ಪಕ್ಕದ ಮನೆಯವರು ತೆಗೆದ ಸಾಲಕ್ಕೆ ನಿಮ್ಮ ಹೊಲ ಜಾಮೀನು. ಹಾಗಿರುವಾಗ ಅವರು ಎತ್ತು ಕೊಂಡರೋ, ಜಾತ್ರೆಯಲ್ಲಿ ಕಳೆದರೋ ಎಂದು ನೀವು ನೋಡಲೇಬೇಕು. ಇದೂ ಇಣುಕುವುದೇ, ಒಪ್ಪುತ್ತೇನೆ. ಆದರೆ ಇದಕ್ಕೆ ಗಡಿ ಇದೆ. ಸಾಲದ ಲೆಕ್ಕ ಕೇಳಬಹುದು, ಅವರ ಮಗಳ ಬಸ್ಸಿನ ಲೆಕ್ಕ ಕೇಳುವಂತಿಲ್ಲ. ಕೇಳುವ ಹಕ್ಕು ಎರಡೂ ಕಡೆಗೆ ಇದೆ, ಗೌಡರಿಗೂ ಪುಸ್ತಕ ತೆರೆದು ತೋರಿಸುವ ಹೊಣೆ ಇದೆ.

ಇದು ಎಲ್ಲಿ ಹಳಿ ತಪ್ಪುತ್ತದೆ ಎಂಬುದಕ್ಕೂ ನಮ್ಮಲ್ಲೇ ಪಾಠ ಇದೆ. ಟಿಬೆಟ್ ನಿರಾಶ್ರಿತರಿಗೆ ನೆಲೆ ಕೊಡಿಸಲು 1968ರಲ್ಲಿ ಹುಟ್ಟಿದ ಮೈರಾಡ ಎಂಬ ಸಂಸ್ಥೆ, ಆಮೇಲೆ ನಮ್ಮ ಹಳ್ಳಿಗಳಲ್ಲಿ ದೊಡ್ಡ ಸಹಕಾರಿ ಸಂಘಗಳನ್ನು ಕಟ್ಟಿತು. 1984-85ರ ಹೊತ್ತಿಗೆ ಅವು ಒಡೆಯತೊಡಗಿದವು. ಮುಂದಾಳುಗಳ ಮೇಲೆ ಜನರಿಗೆ ನಂಬಿಕೆ ಹೋಗಿತ್ತು. ಕೆಲವು ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲದ ಹಣ ಮೈರಾಡಕ್ಕೆ ಬೇಕಾದರೆ ಕಟ್ಟುತ್ತೇವೆ, ಆ ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ ಎಂದರು. ಹಾಗಾದರೆ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ, ಅಲ್ಲೇ ತಿರುಗಿಸಿಕೊಳ್ಳಿ ಎಂದಿತು ಸಂಸ್ಥೆ. ನಮ್ಮ ಸ್ವಸಹಾಯ ಗುಂಪುಗಳ ಬೇರು ಇಲ್ಲಿದೆ. ಹತ್ತರಿಂದ ಇಪ್ಪತ್ತು ಜನ. ಯಾರು ಯಾರ ಜೊತೆ ಕೂರಬೇಕು ಎಂದು ಮೇಲಿನವರು ಹೇಳಲಿಲ್ಲ, ಅವರವರೇ ನಂಬಿಕೆ ಇರುವವರನ್ನು ಆರಿಸಿಕೊಂಡರು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ನಮ್ಮ ರಾಜ್ಯದ ಸ್ತ್ರೀಶಕ್ತಿ ಗುಂಪುಗಳು ಬಂದದ್ದು ಅದಾದ ಎಂಟು ವರ್ಷಕ್ಕೆ. ಈಗ ಕೆಲವು ಕಡೆ ಈ ಗುಂಪುಗಳು ಬರೀ ಕಂತು ಕಟ್ಟಿಸುವ ಯಂತ್ರ ಆಗಿವೆ, ಕಂತು ತಪ್ಪಿದವರ ಮನೆ ಮುಂದೆ ಹೋಗಿ ಕೂರುವುದೂ ಉಂಟು. ಕೆಟ್ಟದ್ದೇ. ಆದರೂ ಒಂದು ಮಾತು. ಊರಿನ ಪಂಚಾಯಿತಿ ಕಟ್ಟೆಯ ಮೇಲೆ ಕೂರಲು ಜಾಗ ಇಲ್ಲದಿದ್ದ ಹೆಂಗಸರು, ವಾರಕ್ಕೊಮ್ಮೆ ಕೂತು ಹಣದ ಮಾತು ಆಡಿದ್ದು ಈ ಗುಂಪುಗಳಲ್ಲಿ. ನಿಮ್ಮ ಊರಿನಲ್ಲೂ ಈಗ ಒಂದೆರಡು ಇರಲೇಬೇಕು. ಮುಂದಿನ ಸಲ ಹೋದಾಗ ಜಗಲಿಯವರನ್ನು ಬಿಟ್ಟು ಅವರನ್ನು ಮಾತಾಡಿಸಿ.

ಅಂಬೇಡ್ಕರ್ ಅವರ ವಿಷಯಕ್ಕೆ ಇನ್ನೊಂದು ಸಲ ಬರುತ್ತೇನೆ. ಹಳ್ಳಿಯನ್ನು ಬೈದವರು ಸಂಘವನ್ನು ಬೈಯಲಿಲ್ಲ. 1927ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಮಹಾಡದಲ್ಲಿ, ದಲಿತರಿಗೆ ಮುಟ್ಟಗೊಡದಿದ್ದ ಚವದಾರ್ ಕೆರೆಯ ನೀರು ಮುಟ್ಟಲು ಅವರು ಒಬ್ಬರೇ ಹೋಗಲಿಲ್ಲ, ಸಾವಿರಾರು ಜನ ಒಟ್ಟಿಗೆ ಹೋದರು. ಒಬ್ಬೊಬ್ಬರ ಹಕ್ಕನ್ನು ಗೆಲ್ಲಲೂ ಗುಂಪು ಬೇಕಾಯಿತು. ನಿಮಗೆ ಬೇಕಾದ ಬಾಗಿಲಿಗೂ, ನಾನು ಹೇಳುತ್ತಿರುವ ನೆರೆಹೊರೆಗೂ ಜಗಳ ಇಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ.

ಇನ್ನು ಅಪಾರ್ಟ್‌ಮೆಂಟಿನ ಮಾತು. 2022ರ ಸೆಪ್ಟೆಂಬರ್ ಮಳೆ ನಿಮಗೆ ನೆನಪಿರಬೇಕು. ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆ ಕೋಟಿ ಕೋಟಿ ಬೆಲೆಯ ವಿಲ್ಲಾಗಳ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ದುಡ್ಡಿನಿಂದ ಎತ್ತರದ ಗೋಡೆ ಕಟ್ಟಬಹುದು, ರಾಜಕಾಲುವೆಯನ್ನು ಒಬ್ಬರೇ ಸರಿ ಮಾಡಲಾಗದು. ಅದಕ್ಕೆ ಪಕ್ಕದ ಬಡಾವಣೆಯವರು, ಕೆಳಗಿನ ಗುಡಿಸಲಿನವರು, ಪಾಲಿಕೆಯವರು ಎಲ್ಲರ ಜೊತೆ ಮಾತಾಡಬೇಕು. ಹಾಗೆ ಮಾತಾಡುವ ಕೆಲಸವೇ ನಿಮ್ಮ ಸಂಘದ್ದು. ವಾಟ್ಸ್ಆ್ಯಪ್ ಗುಂಪು ಇದೆಯಲ್ಲ ಎನ್ನಬಹುದು. ಇರಲಿ. ಗುಡ್ ಮಾರ್ನಿಂಗ್ ಹೂವು, ಪಾರ್ಕಿಂಗ್ ಜಗಳ ಬಿಟ್ಟು ಬೇರೆ ಏನಾದರೂ ಅದರಲ್ಲಿ ಬಂದರೆ ನನಗೂ ತಿಳಿಸಿ.

ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಸರಿಯಲ್ಲ, ಒಪ್ಪಿಕೊಳ್ಳಿ. ಊರಿನ ಒಗ್ಗಟ್ಟು ಯಾರನ್ನು ಹೊರಗಿಡುತ್ತದೆ ಎಂದು ನೋಡಿ ಬಂದವರೇ ಆ ಕುರ್ಚಿಯಲ್ಲಿ ಕೂರಬೇಕು. ಎಲ್ಲವೂ ಚೆನ್ನಾಗಿತ್ತು ಎನ್ನುವವರು ಕೂತರೆ ಮತ್ತೆ ಅದೇ ಜಗಲಿ ಆಗುತ್ತದೆ. ಬೆಂಗಳೂರಿನ ಎಷ್ಟೋ ಕಟ್ಟಡಗಳಲ್ಲಿ ಮನೆಗೆಲಸದವರು ಈ ಲಿಫ್ಟ್ ಬಳಸಬಾರದು ಎಂಬ ಬೋರ್ಡು ಇದೆ. ನಿಮ್ಮಲ್ಲೂ ಇದ್ದರೆ ಅದರಿಂದಲೇ ಶುರು ಮಾಡಿ. ಬಾವಿಯಿಂದ ದೂರ ನಿಂತವರನ್ನು ಕಂಡ ನಿಮಗೆ ಅದು ಕಾಣದೆ ಇರದು. ನಿಮ್ಮ ಮನೆಯ ಒಂದು ಬೀಗದ ಕೈ ಯಾರ ಬಳಿ ಇದ್ದರೆ ನಿಮಗೆ ನೆಮ್ಮದಿ ಎಂದು ಯೋಚಿಸಿ, ಅವರಿಗೆ ಕೊಡಿ. ಬೇರೆ ಯಾರ ಕೈಲೂ ಬೇಡ, ಒಬ್ಬರು ಸಾಕು. ಒಬ್ಬರೇ ಇರುವ ಹಿರಿಯರು ನಿಮ್ಮ ಕಟ್ಟಡದಲ್ಲಿ ಇನ್ನೂ ಇರುತ್ತಾರೆ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಯಾರ ಬಾಗಿಲಲ್ಲಿ ಹತ್ತು ಗಂಟೆಯಾದರೂ ಹಾಗೇ ಇದೆ ಎಂದು ನೋಡಿ ಬೆಲ್ ಮಾಡುವ ಕೆಲಸವನ್ನು ಮಹಡಿಗೆ ಒಬ್ಬರಂತೆ ಹಂಚಬಹುದು. ಕಾವಲುಗಾರರ ಹೆಸರು, ಅವರ ಊರು, ಅವರಿಗೆ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದೂ ಸಂಘದ ಪುಸ್ತಕದಲ್ಲಿ ಇರಲಿ. ಇದರಲ್ಲಿ ಯಾವುದಕ್ಕೂ ನೀವು ಯಾರ ಸಂಸಾರದೊಳಗೂ ಹೋಗಬೇಕಿಲ್ಲ.

ಹೋಗಲಿ, ಯಾರಾದರೂ ನಿಮ್ಮ ಸೀರೆಯ ಬಣ್ಣದ ಬಗ್ಗೆ ಮಾತೆತ್ತಿದರೆ ಅದು ಸಭೆಯ ಅಜೆಂಡಾದಲ್ಲಿ ಇಲ್ಲ ಎಂದು ಹೇಳಿ. ಕಾರ್ಯದರ್ಶಿಗೆ ಆ ಅಧಿಕಾರ ಇದೆ.

ಅಂದ ಹಾಗೆ, ಅಧಿಕಾರ ವಹಿಸಿಕೊಳ್ಳುವ ಮೊದಲು ಹಳೆಯ ಸಮಿತಿಯಿಂದ ಲೆಕ್ಕದ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್, ಲಿಫ್ಟು ಮತ್ತು ಜನರೇಟರಿನ ಗುತ್ತಿಗೆ ಕಾಗದಗಳನ್ನು ಕೇಳಿ ಪಡೆದುಕೊಳ್ಳಿ. ಅವು ಕೈಗೆ ಬರುವ ತನಕ ಎಲ್ಲೂ ಸಹಿ ಹಾಕಬೇಡಿ.

— ಸಂಪಾದಕ